ದಪ್ಪ ಮೈಗೆ ಚಳಿಯಿಲ್ಲವೇ?

ನೆದರ್ಲೆಂಡ್ಸ್ ದೇಶದಲ್ಲಿ ಜನರಿಗಿಂತ ಸೈಕಲ್ಲುಗಳ ಸಂಖ್ಯೆಯೇ ಹೆಚ್ಚು. ಓದಲೆಂದು ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಇಲ್ಲಿ ಸ್ಕೂಟರಿನಿಂದ ಕೆಳಗಿಳಿಯದವರಾದರೂ ಅಲ್ಲಿ ಹಳೆಯದೊಂದು ಸೈಕಲ್ ಕೊಳ್ಳುತ್ತಾರೆ. ಜನವರಿಯಲ್ಲಿ ಅಲ್ಲಿನ ಸರಾಸರಿ ಉಷ್ಣತೆ 3 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಜೊತೆಗೆ ಕಡಲ ಗಾಳಿ, ಜಿಟಿಜಿಟಿ ಮಳೆ. ಮನೆಯವರು ಸ್ವೆಟರು, ಮಫ್ಲರು, ಚಟ್ನಿಪುಡಿ ಎಲ್ಲವನ್ನೂ ಕಟ್ಟಿ ಕಳಿಸಿರುತ್ತಾರೆ. ಆದರೆ ಹುಡುಗ ತುಸು ದಪ್ಪ ಮೈಯವನಾದರೆ ತೊಂದರೆ ಅಂಗಡಿಯಲ್ಲಿ ಶುರುವಾಗುತ್ತದೆ. ಹೊಟ್ಟೆಗೆ ಹಿಡಿಸುವ ಜಾಕೆಟಿನ ತೋಳು ಬೆರಳನ್ನೂ ದಾಟಿ ಜೋತಾಡುತ್ತದೆ. ತೋಳು ಸರಿಹೋದರೆ ಜಿಪ್ಪು ಮೇಲೇರುವುದಿಲ್ಲ. ‘ನಿನಗೆಂಥದ್ದೋ ಚಳಿ, ಮೈಯಲ್ಲೇ ಕಂಬಳಿ ಇದೆಯಲ್ಲ!’ ಎಂದು ಗೆಳೆಯರ ನಗೆ ಬೇರೆ. ಉಡುಪು ಸಿಗದೆ, ನಗೆಯನ್ನೂ ಸಹಿಸಲಾಗದೆ ಸೈಕಲ್ಲನ್ನು ಮೂಲೆಗಿಟ್ಟು ಬಸ್ಸು ಹಿಡಿಯುವವರುಂಟು.

ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ. ಒಂದು ಸೆಂಟಿಮೀಟರ್ ಬಾಹುವಿನ ಘನವನ್ನು ತೆಗೆದುಕೊಳ್ಳಿ. ಅದರ ಮೇಲ್ಮೈ 6 ಚದರ ಸೆಂ.ಮೀ., ಘನಫಲ 1. ಬಾಹುವನ್ನು ಎರಡು ಪಟ್ಟು ಮಾಡಿದರೆ ಮೇಲ್ಮೈ 24, ಘನಫಲ 8. ಅಂದರೆ ಪ್ರತಿ ಘನ ಸೆಂಟಿಮೀಟರಿಗೆ ಸಿಗುವ ಮೇಲ್ಮೈ ಆರರಿಂದ ಮೂರಕ್ಕೆ ಇಳಿಯಿತು. ಶಾಖ ಹೊರಹೋಗುವುದು ಮೇಲ್ಮೈಯಿಂದ. ಆದ್ದರಿಂದ ದೊಡ್ಡ ದೇಹ ನಿಧಾನವಾಗಿ ತಣಿಯುತ್ತದೆ. ಚರ್ಮದ ಕೆಳಗಿನ ಕೊಬ್ಬು ಸ್ನಾಯುವಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟೇ ಶಾಖ ಸಾಗಿಸುತ್ತದೆ. ಕಂಬಳಿಯ ಮಾತು ಇಲ್ಲಿಗೆ ಸರಿ.

ಇನ್ನರ್ಧ ಬೆವರಿನದು. ಸೈಕಲ್ ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರ ಪೆಡಲಿಗೆ ಸಲ್ಲುತ್ತದೆ, ಮಿಕ್ಕದ್ದು ಶಾಖ. ಪೆಡಲಿಗೆ 100 ವ್ಯಾಟ್ ಬೇಕಾದರೆ ಸುಮಾರು 300 ವ್ಯಾಟ್ ಮೈಯೊಳಗೆ ಉಳಿಯಿತೆನ್ನಿ. ಸೇತುವೆಯ ಏರು ಬಂದರೆ ಭಾರವಾದವನು ಹೆಚ್ಚು ಕೆಲಸ ಮಾಡಬೇಕು, ಹೆಚ್ಚು ಬೆವರಬೇಕು. ಏರು ಮುಗಿದು ಇಳಿಜಾರು ಬಂತೋ, ತುಳಿತ ನಿಂತಿತು, ಗಾಳಿ ಜೋರಾಯಿತು, ಒದ್ದೆ ಬನಿಯನ್ನು ಬೆನ್ನಿಗೆ ಅಂಟಿತು. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದರಲ್ಲಿ ಹೆಚ್ಚಿನದನ್ನು ಮೈಯೇ ಕೊಡಬೇಕು. ಬೇಸಿಗೆಯಲ್ಲಿ ಇದು ವರ, ಚಳಿಯಲ್ಲಿ ಶಾಪ. ಕಿವಿಗೂ ಬೆರಳಿಗೂ ಯಾವ ದಪ್ಪನೆಯ ಮೈಯೂ ರಕ್ಷಣೆ ಕೊಡದು. ಮರಗಟ್ಟಿದ ಬೆರಳು ಬ್ರೇಕನ್ನು ಸರಿಯಾಗಿ ಹಿಡಿಯಲಾರದು ಎಂಬುದನ್ನು ತಂದೆ ತಾಯಿ ಮರೆಯಬಾರದು.

ಗಾಳಿಯ ಪಾತ್ರವನ್ನು ಅಳೆದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. ಅಂಟಾರ್ಕ್ಟಿಕದಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೀರಿಟ್ಟು, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ, 1945ರಲ್ಲಿ ಫಲಿತಾಂಶ ಪ್ರಕಟಿಸಿದರು. 2001ರಲ್ಲಿ ಅಮೆರಿಕ ಮತ್ತು ಕೆನಡ ಈ ಲೆಕ್ಕವನ್ನು ತಿದ್ದಿದವು. ಅದರ ಪ್ರಕಾರ ಉಷ್ಣತೆ ಸೊನ್ನೆ ಡಿಗ್ರಿಯಿದ್ದು ಗಾಳಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಬೀಸಿದರೆ ಬರಿ ಮುಖಕ್ಕೆ ಮೈನಸ್ 5ರ ಚಳಿಯ ಅನುಭವ. ಸೈಕಲ್ ಸವಾರನಿಗೆ ಈ ಗಾಳಿ ಬೇರೆಲ್ಲಿಂದಲೋ ಬರಬೇಕಾಗಿಲ್ಲ, ಅವನೇ ಹುಟ್ಟಿಸಿಕೊಳ್ಳುತ್ತಾನೆ.

ಹಾಗಾದರೆ ಏನು ತೊಡಬೇಕು? ಮೈಗೆ ತಾಗುವುದು ಹತ್ತಿಯದ್ದಾಗಬಾರದು. ಒದ್ದೆಯಾದ ಹತ್ತಿ ಬೇಗ ಒಣಗದು. ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಬನಿಯನ್ನು ಉತ್ತಮ. ಅದರ ಮೇಲೆ ಗಾಳಿ ಹಿಡಿದಿಡುವ ಸ್ವೆಟರು, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ತೆಳು ಜಾಕೆಟು. ಬೆಚ್ಚಗಿಡುವುದು ಬಟ್ಟೆಯಲ್ಲ, ಅದರೊಳಗಿನ ನಿಶ್ಚಲ ಗಾಳಿ. ದೊಡ್ಡ ಮೈಯವರ ಸಮಸ್ಯೆಯ ತಿರುಳು ಇಲ್ಲೇ ಇದೆ. ಬಿಗಿ ಜಾಕೆಟು ಸ್ವೆಟರನ್ನು ಅದುಮಿ ಗಾಳಿಯನ್ನು ಹೊರದೂಡುತ್ತದೆ. ತೀರ ದೊಗಲೆಯಾದದ್ದು ಕುಲುಮೆಯ ತಿದಿಯಂತೆ ಬಿಸಿಗಾಳಿಯನ್ನು ಹೊರಕ್ಕೆ ಊದುತ್ತದೆ. ಎರಡಳತೆ ದೊಡ್ಡದನ್ನು ಕೊಂಡುಬಿಡು ಎಂಬ ಸಲಹೆ ಅದಕ್ಕೇ ಫಲಿಸದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಮೂರು ಒಂದೇ ಬಗೆಯ ಲೋಟಗಳಿಗೆ ಸಮನಾಗಿ ಬಿಸಿನೀರು ಹಾಕಿ. ಒಂದಕ್ಕೆ ಉಣ್ಣೆ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಇನ್ನೊಂದಕ್ಕೆ ಅಷ್ಟೇ ಬಟ್ಟೆಯನ್ನು ದಾರದಿಂದ ಬಿಗಿದು ಕಟ್ಟಿ, ಮೂರನೆಯದಕ್ಕೆ ಒದ್ದೆ ಹತ್ತಿ ಬಟ್ಟೆ. ಫ್ಯಾನಿನ ಮುಂದಿಟ್ಟು ಐದೈದು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ. ಬಿಸಿನೀರು ಹಾಕುವ ಕೆಲಸ ಅಮ್ಮನದೋ ಅಪ್ಪನದೋ ಆಗಲಿ.

ಕೊಳ್ಳುವಾಗ ಎಲ್, ಡಬಲ್ ಎಕ್ಸೆಲ್ ಅಕ್ಷರಗಳನ್ನು ನಂಬಬೇಡಿ, ಒಂದೊಂದು ಕಂಪೆನಿಗೆ ಒಂದೊಂದು ಲೆಕ್ಕ. ಟೇಪು ಹಿಡಿದು ಎದೆ, ಹೊಟ್ಟೆ, ಸೊಂಟದ ಕೆಳಭಾಗ, ತೊಡೆ ಅಳೆದು ಸೆಂಟಿಮೀಟರಿನಲ್ಲಿ ಬರೆದಿಡಿ. ಯೂರೋಪಿನ ಗಂಡಸರ ಜಾಕೆಟುಗಳಲ್ಲಿ 56 ಎಂದಿದ್ದರೆ ಅದು ಎದೆಸುತ್ತಳತೆಯ ಅರ್ಧ, ಅಂದರೆ ಎದೆ 112 ಸೆಂ.ಮೀ. ಬೆನ್ನಿನ ಉದ್ದವನ್ನು ನೆಟ್ಟಗೆ ನಿಂತು ಅಳೆಯದೆ ಸೈಕಲ್ಲಿನ ಮೇಲೆ ಬಾಗಿ ಕೂತು ಅಳೆಯಿರಿ, ಇಲ್ಲವಾದರೆ ಸೊಂಟ ಬರಿದಾಗಿ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಹೊಟ್ಟೆಯ ಮೇಲೆ ಎಲಾಸ್ಟಿಕ್ ಒತ್ತುವವರಿಗೆ ಹೆಗಲಪಟ್ಟಿಯಿರುವ ಸೈಕಲ್ ಪ್ಯಾಂಟೇ ಹಿತ. ಹೊಟ್ಟೆಗೆ ಸರಿಯಾದ ಜಾಕೆಟನ್ನು ಕೊಂಡು ತೋಳನ್ನು ದರ್ಜಿಯಿಂದ ಮೋಟು ಮಾಡಿಸಬಹುದು. ತೋಳಿಗೆ ಸರಿಯಾದದ್ದನ್ನು ಕೊಂಡು ಹೊಟ್ಟೆ ಅಗಲ ಮಾಡಿಸುವುದು ಆಗದ ಮಾತು. ಮಳೆಗೆ ಕೊಡೆಯಂತೆ ಇಳಿಬಿಡುವ ಪೊಂಚೊ ಎಲ್ಲ ಮೈಗೂ ಹಿಡಿಯುತ್ತದೆ, ಕೆಳಗೆ ತೆರೆದಿರುವುದರಿಂದ ಬೆವರೂ ನಿಲ್ಲದು. ಬಿರುಗಾಳಿಯಲ್ಲಿ ಮಾತ್ರ ಅದು ಹಾಯಿಯಾಗಿಬಿಡುತ್ತದೆ.

ಇಷ್ಟಾಗಿಯೂ ಏನೂ ಸಿಗದಿದ್ದ ದಿನಕ್ಕೆ ಹಳೆಯದೊಂದು ಉಪಾಯವಿದೆ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಸವಾರರು ಬೆಟ್ಟದ ತುದಿ ಮುಟ್ಟಿದೊಡನೆ ದಾರಿಬದಿಯಲ್ಲಿ ನಿಂತವರಿಂದ ವೃತ್ತಪತ್ರಿಕೆ ಇಸಿದುಕೊಂಡು ಅಂಗಿಯೊಳಗೆ ಎದೆಗೆ ತುರುಕಿಕೊಂಡು ಇಳಿಯುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತದೆ, ಮಡಿಕೆಗಳ ನಡುವೆ ಗಾಳಿಯ ಪದರ ನಿಲ್ಲುತ್ತದೆ, ಅದಕ್ಕೆ ಎಕ್ಸೆಲ್ಲೂ ಇಲ್ಲ, ಡಬಲ್ ಎಕ್ಸೆಲ್ಲೂ ಇಲ್ಲ. ಈ ಪುರವಣಿಯೂ ಆದೀತು, ಓದಿ ಮುಗಿಸಿದ ಮೇಲೆ.