ಹಿರಿಯರ ಹಾಸಿಗೆ, ಹಿತ್ತಿಲ ಗುಂಡಿ

ಪ್ಲಾಸ್ಟಿಕ್ ಕೈಚೀಲ ಬೇಡ, ಮದುವೆ ಮನೆಯಲ್ಲಿ ಎಸೆಯುವ ಲೋಟ ಬೇಡ, ಹೊಳೆಯಂಚಿನಲ್ಲಿ ಕಸ ಸುರಿಯಬೇಡಿ ಎಂದು ಮಲೆನಾಡಿನ ಪರಿಸರ ಸಂಘಟನೆಗಳು ವರ್ಷಗಳಿಂದ ಹೇಳುತ್ತ ಬಂದಿವೆ. ಈ ಮಾತು ಜನರಿಗೆ ನಾಟಲು ಕಾರಣವೂ ಇತ್ತು. ಬಟ್ಟೆಯ ಚೀಲ, ಅಡಕೆ ಹಾಳೆಯ ತಟ್ಟೆ, ಸ್ಟೀಲ್ ಲೋಟ ಹೀಗೆ ಬದಲಿ ವಸ್ತುಗಳು ನಮ್ಮ ಕೈಯಲ್ಲೇ ಇದ್ದವು. ಆದರೆ ಸದ್ದಿಲ್ಲದೆ ನಮ್ಮ ಮನೆಗಳ ಒಳಕೋಣೆಗೆ ಬಂದು ಸೇರಿರುವ ಇನ್ನೊಂದು ಪ್ಲಾಸ್ಟಿಕ್ ವಸ್ತುವಿಗೆ ಅಷ್ಟು ಸುಲಭದ ಬದಲಿಯಿಲ್ಲ. ಅದು ವಯಸ್ಕರ ಡೈಪರ್. ಅದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲ. ಬಳಸುವವರಿಗೆ ಸಂಕೋಚ, ಬದಲಿಸುವವರಿಗೆ ಮುಜುಗರ. ಮಾತಿಲ್ಲದ ಕಡೆ ತಿಳಿವಳಿಕೆಯೂ ಇರುವುದಿಲ್ಲ.

ಇಂದಿನ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಉಳಿದಿರುವವರು ವಯಸ್ಸಾದ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಅದಕ್ಕೂ ದೂರದಲ್ಲೋ ಇದ್ದಾರೆ. ಎಂಬತ್ತರ ಗಂಡನಿಗೆ ಎಪ್ಪತ್ತೈದರ ಹೆಂಡತಿಯೇ ದಾದಿ. ಕೂಡುಕುಟುಂಬ ಉಳಿದಿರುವ ಕಡೆ ಈ ಕೆಲಸ ಸೊಸೆಯ ಪಾಲಿಗೆ ಬರುತ್ತದೆ. ರಾತ್ರಿ ಮೂರು ಬಾರಿ ಹಾಸಿಗೆ ಬದಲಿಸಿ, ಬೆಳಗ್ಗೆ ಆ ಬಟ್ಟೆಗಳನ್ನೆಲ್ಲ ಒಗೆದು, ಜಡಿಮಳೆಯಲ್ಲಿ ಅವನ್ನು ಒಣಗಿಸುವುದೆಲ್ಲಿ ಎಂದು ಚಿಂತಿಸುವ ಹೆಣ್ಣುಮಗಳಿಗೆ ‘ಪ್ಲಾಸ್ಟಿಕ್ ಬಳಸಬೇಡಿ’ ಎಂಬ ಉಪದೇಶ ಮಾಡುವ ನೈತಿಕ ಹಕ್ಕು ಯಾರಿಗೂ ಇಲ್ಲ. ಅಗತ್ಯವಿರುವಲ್ಲಿ ಡೈಪರ್ ಬಳಸಲೇಬೇಕು. ಎಲ್ಲಿ ಅಗತ್ಯ, ಎಷ್ಟು ಅಗತ್ಯ, ಬಳಸಿದ ನಂತರ ಅದು ಎಲ್ಲಿಗೆ ಹೋಗಬೇಕು ಎಂಬ ಮೂರು ಪ್ರಶ್ನೆಗಳೇ ನಮ್ಮ ಚರ್ಚೆಯ ವಿಷಯ.

ಮೊದಲ ಪ್ರಶ್ನೆಗೆ ಉತ್ತರ ಔಷಧಿ ಅಂಗಡಿಯಲ್ಲಿ ಸಿಗದು, ವೈದ್ಯರ ಬಳಿ ಸಿಗುತ್ತದೆ. ಮೂತ್ರದ ಹಿಡಿತ ತಪ್ಪುವುದು ಮುಪ್ಪಿನ ಸಹಜ ಲಕ್ಷಣವೆಂದು ಭಾವಿಸಿ ಕೈಚೆಲ್ಲುವುದು ತಪ್ಪು. ಮೂತ್ರನಾಳದ ಸೋಂಕು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ, ದೀರ್ಘಕಾಲದ ಮಲಬದ್ಧತೆ, ಮೂತ್ರ ಹೆಚ್ಚಿಸುವ ಮಾತ್ರೆಗಳು ಇವೆಲ್ಲವೂ ಕಾರಣವಾಗಬಲ್ಲವು. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯಿದೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಜಾರುವ ಹೆಂಗಸರಿಗೆ ಶ್ರೋಣಿಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಕೆಲವು ತಿಂಗಳಲ್ಲಿ ಗುಣ ತೋರಿಸುತ್ತದೆ. ಎರಡು–ಮೂರು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯುವ ಅಭ್ಯಾಸವೂ ಫಲಕಾರಿ. ಹಾಸಿಗೆ ಒದ್ದೆಯಾದೀತೆಂದು ಹೆದರಿ ನೀರು ಕುಡಿಯುವುದನ್ನೇ ಬಿಡುವ ಹಿರಿಯರು ಬಹಳ. ಇದರಿಂದ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆ ಹೆಚ್ಚುತ್ತದೆ, ತೊಂದರೆ ಇಮ್ಮಡಿಯಾಗುತ್ತದೆ. ಹಗಲಿನಲ್ಲಿ ಸಾಕಷ್ಟು ಕುಡಿದು, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡುವುದು ಸರಿಯಾದ ಕ್ರಮ.

ನಮ್ಮ ಮನೆಗಳ ರಚನೆಯೂ ಒಂದು ಕಾರಣ. ಶೌಚಾಲಯ ಹಿತ್ತಿಲಾಚೆ, ನಡುವೆ ಮೂರು ಮೆಟ್ಟಿಲು, ಪಾಚಿಗಟ್ಟಿದ ಅಂಗಳ, ಮಳೆ, ಕತ್ತಲೆ. ಮೂತ್ರಕೋಶ ಸರಿಯಾಗಿಯೇ ಇದ್ದರೂ ಮಂಡಿನೋವಿನ ಮುದುಕಿ ಸಮಯಕ್ಕೆ ಅಲ್ಲಿಗೆ ತಲುಪಲಾರಳು. ಅಂಥ ಮನೆಗೆ ಡೈಪರಿಗಿಂತ ಮೊದಲು ಬರಬೇಕಾದದ್ದು ಹಾಸಿಗೆಯ ಬಳಿ ಒಂದು ಕಮೋಡ್ ಕುರ್ಚಿ, ಗೋಡೆಗೊಂದು ಹಿಡಿಕೆ, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಗಂಡಸರಿಗಾದರೆ ಹಾಸಿಗೆಯಲ್ಲೇ ಬಳಸಬಹುದಾದ ಮೂತ್ರದ ಬಾಟಲಿ ಸಾಕು. ಇವು ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುವ ವಸ್ತುಗಳು. ದಿನಕ್ಕೆ ಮೂರು ಡೈಪರಿನಂತೆ ಲೆಕ್ಕ ಹಾಕಿದರೂ ವರ್ಷಕ್ಕೆ 1,095 ಆಗುತ್ತವೆ ಎಂಬುದನ್ನು ನೆನೆದರೆ ಇವುಗಳ ಬೆಲೆ ತಿಳಿಯುತ್ತದೆ.

ಇನ್ನೊಂದು ಸಂಬಂಧ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ದಿನವಿಡೀ ನಿಂತು ಅಡುಗೆ ಮಾಡಿದವರ, ಕಾಲು ಇಳಿಬಿಟ್ಟು ಕುಳಿತು ಅಡಕೆ ಸುಲಿದವರ ಕಾಲುಗಳಲ್ಲಿ ಸಂಜೆಯ ಹೊತ್ತಿಗೆ ಬಾವು ಕಾಣಿಸುತ್ತದೆ. ರಾತ್ರಿ ಮಲಗಿದಾಗ ಆ ನೀರು ರಕ್ತಕ್ಕೆ ಮರಳಿ, ಮೂತ್ರಪಿಂಡದ ಮೂಲಕ ಹೊರಬರುತ್ತದೆ. ಹಗಲು ಕಾಲಿನಲ್ಲಿ ನಿಂತ ನೀರೇ ರಾತ್ರಿ ಹಾಸಿಗೆಯನ್ನು ತೋಯಿಸುತ್ತದೆ. ಮಧ್ಯಾಹ್ನ ಒಂದು ತಾಸು ಕಾಲನ್ನು ದಿಂಬಿನ ಮೇಲೆತ್ತಿ ಮಲಗುವುದು, ಹಗಲಿನಲ್ಲಿ ಒತ್ತಡದ ಕಾಲುಚೀಲ ಧರಿಸುವುದು ಇವೆರಡರಿಂದ ರಾತ್ರಿಯ ಮೂತ್ರ ಕಡಿಮೆಯಾಗುವುದುಂಟು. ಒಂದು ಜೊತೆ ಕಾಲುಚೀಲ ಎಷ್ಟೋ ಡೈಪರುಗಳನ್ನು ಉಳಿಸಬಲ್ಲದು.

ಆದರೆ ಕಾಲುಚೀಲವನ್ನು ಕೇಳಿದ ಕೂಡಲೇ ಕೊಂಡು ಹಾಕಿಕೊಳ್ಳುವಂತಿಲ್ಲ. ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆಗಳಿಂದಲೂ, ಆಮ್ಲೋಡಿಪಿನ್‌ನಂಥ ರಕ್ತದೊತ್ತಡದ ಮಾತ್ರೆಗಳಿಂದಲೂ ಕಾಲು ಬಾಯುತ್ತದೆ. ಒಂದೇ ಕಾಲು ಹಠಾತ್ತನೆ ಬಾತು ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳು ಕಿರಿದಾಗಿರುವವರು, ಹೃದಯದ ವೈಫಲ್ಯ ಹತೋಟಿಗೆ ಬಾರದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ಬಿಗಿ ಚೀಲ ಧರಿಸಿದರೆ ಅಪಾಯವೇ ಆದೀತು. ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸಿ ನೋಡುವ ಸರಳ ಪರೀಕ್ಷೆಯಿಂದ ವೈದ್ಯರು ಇದನ್ನು ಕಂಡುಕೊಳ್ಳುತ್ತಾರೆ.

ಕೊಳ್ಳುವಾಗ ಪೊಟ್ಟಣದ ಮೇಲಿನ ‘ಕ್ಲಾಸ್ 1’, ‘ಕ್ಲಾಸ್ 2’ ಎಂಬುದನ್ನಷ್ಟೇ ನಂಬಬಾರದು. ಜರ್ಮನ್ ಕ್ರಮದ ಎರಡನೆಯ ದರ್ಜೆಯೂ ಬ್ರಿಟಿಷ್ ಕ್ರಮದ ಎರಡನೆಯ ದರ್ಜೆಯೂ ಒಂದೇ ಅಲ್ಲ: ಮೊದಲನೆಯದು 23–32 ಮಿಲಿಮೀಟರ್ ಪಾದರಸದ ಒತ್ತಡ, ಎರಡನೆಯದು 18–24. ಆದ್ದರಿಂದ ವೈದ್ಯರು ಹೇಳಿದ ಒತ್ತಡದ ಅಂಕಿಯನ್ನೇ ನೋಡಬೇಕು. ಅಳತೆಯನ್ನು ಬೆಳಗ್ಗೆ ಎದ್ದ ಕೂಡಲೇ, ಬಾವು ಬರುವ ಮೊದಲೇ ತೆಗೆಯಬೇಕು. ಕಣಕಾಲಿನ ಅತಿ ಸಣ್ಣ ಸುತ್ತಳತೆ, ಮೀನಖಂಡದ ಅತಿ ದಪ್ಪ ಸುತ್ತಳತೆ, ಹಿಮ್ಮಡಿಯಿಂದ ಮಂಡಿಯವರೆಗಿನ ಉದ್ದ ಇವು ಮೂರೂ ಬೇಕು. ಧರಿಸುವುದೂ ಬೆಳಗ್ಗೆಯೇ, ವೈದ್ಯರು ಬೇರೆ ಹೇಳದಿದ್ದರೆ ರಾತ್ರಿ ಕಳಚಬೇಕು. ಕೈಗೆ ರಬ್ಬರ್ ಗವಸು ಹಾಕಿಕೊಂಡರೆ ಏರಿಸುವುದು ಸುಲಭ. ಮೇಲಂಚನ್ನು ಮಡಚಿದರೆ ಅದು ಹಗ್ಗದಂತೆ ಬಿಗಿದು ರಕ್ತಸಂಚಾರವನ್ನೇ ತಡೆಯುತ್ತದೆ. ಎಣ್ಣೆ ಹಚ್ಚಿದ ಕಾಲಿಗೆ ಹಾಕುವುದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು ಎರಡೂ ಅದರ ಬಿಗಿತವನ್ನು ಕೆಡಿಸುತ್ತವೆ. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಕೂಡಲೇ ತೆಗೆಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಡೈಪರ್ ಬೇಕೆಂದಾದರೆ ಅದನ್ನು ಅರಿತು ಆರಿಸಬೇಕು. ಹನಿ ಹನಿಯಾಗಿ ಜಾರುವವರಿಗೆ ಒಳಉಡುಪಿನಲ್ಲಿ ಇಡುವ ಪ್ಯಾಡ್ ಸಾಕು. ಓಡಾಡುವವರಿಗೆ ಚಡ್ಡಿಯಂತೆ ಏರಿಸುವ ಮಾದರಿ, ಹಾಸಿಗೆ ಹಿಡಿದವರಿಗೆ ಎರಡೂ ಬದಿ ಅಂಟಿಸುವ ಮಾದರಿ ಅನುಕೂಲ. ಸೊಂಟ ಮತ್ತು ನಿತಂಬದ ಸುತ್ತಳತೆಯಲ್ಲಿ ಯಾವುದು ದೊಡ್ಡದೋ ಅದಕ್ಕೆ ತಕ್ಕ ಅಳತೆ ಬೇಕು. ದೊಡ್ಡದಿದ್ದಷ್ಟೂ ಒಳ್ಳೆಯದೆಂಬುದು ಭ್ರಮೆ, ತೊಡೆಯ ಸಂದಿನಲ್ಲಿ ಸೋರುತ್ತದೆ. ಅದರೊಳಗಿನ ಪುಡಿ ಸೋಡಿಯಂ ಪಾಲಿಅಕ್ರಿಲೇಟ್. ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುವ ಈ ಪುಡಿ ಲವಣವಿರುವ ಮೂತ್ರವನ್ನು ಅದರ ಸಣ್ಣದೊಂದು ಪಾಲಿನಷ್ಟು ಮಾತ್ರ ಹೀರಬಲ್ಲದು. ನೀರು ಸುರಿದು ತೋರಿಸುವ ಪ್ರದರ್ಶನಕ್ಕೆ ಮರುಳಾಗಬಾರದು. ಮಲವಾದರೆ ತಕ್ಷಣ ಬದಲಿಸಬೇಕು, ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಚರ್ಮವನ್ನು ತಿಕ್ಕದೆ ಒತ್ತಿ ಒಣಗಿಸಿ ಸತುವಿನ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಹಚ್ಚಬೇಕು. ಡೈಪರ್ ಇದೆಯೆಂದು ರೋಗಿಯನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಹಾಸಿಗೆ ಹುಣ್ಣು ಖಚಿತ.

ಬಟ್ಟೆಗೂ ತನ್ನದೇ ಸ್ಥಾನವಿದೆ. ಬಿಸಿಲಿನ ತಿಂಗಳುಗಳಲ್ಲಿ ಹಳೆಯ ಹತ್ತಿ ಸೀರೆಯ, ಪಂಚೆಯ ಮಡಿಕೆಗಳೂ ಕೆಳಗೊಂದು ರಬ್ಬರ್ ಹಾಳೆಯೂ ಹಗಲಿಗೆ ಧಾರಾಳ ಸಾಕು. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಿದರಾಯಿತು. ಆಷಾಢ ಶ್ರಾವಣಗಳಲ್ಲಿ ಅರೆ ಒಣಗಿದ ಬಟ್ಟೆ ತೊಡೆಸಂದಿಗೆ ಬೂಷ್ಟನ್ನೇ ತರುತ್ತದೆ. ಹಗಲು ಬಟ್ಟೆ, ರಾತ್ರಿ ಡೈಪರ್; ಬೇಸಗೆಯಲ್ಲಿ ಬಟ್ಟೆ, ಮಳೆಗಾಲದಲ್ಲಿ ಡೈಪರ್ ಎಂಬ ಹೊಂದಾಣಿಕೆಯೇ ನಮ್ಮ ಹವೆಗೆ ಒಗ್ಗುವ ಮಾರ್ಗ.

ಕೊನೆಯ ಪ್ರಶ್ನೆ ಹಿತ್ತಿಲಿನದು. ಬಳಸಿದ ಡೈಪರ್ ಬಚ್ಚಲ ಒಲೆಗೆ, ಗೊಬ್ಬರದ ಗುಂಡಿಗೆ, ಇಲ್ಲವೆ ಕತ್ತಲಾದ ಮೇಲೆ ಹಳ್ಳಕ್ಕೆ ಬೀಳುತ್ತಿದೆ. ನೆನೆದ ಡೈಪರ್ ಒಲೆಯಲ್ಲಿ ಉರಿಯದೆ ಹೊಗೆಯಾಡುತ್ತದೆ; ಅದರ ಪ್ಲಾಸ್ಟಿಕ್ ಹೊಗೆಯನ್ನು ಮೊದಲು ಕುಡಿಯುವವರು ಮನೆಯ ಹೆಂಗಸರೇ. ನೀರು ಹಿಡಿಯುವ ಪುಡಿ ಅಡಕೆ ಬುಡಕ್ಕೆ ಒಳ್ಳೆಯದೆಂಬ ತರ್ಕವೂ ಕೇಳಿಬರುತ್ತದೆ. ಇಂಥ ಹೀರುಪುಡಿಯ ಒಂದು ಪೂರ್ವರೂಪವನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಪಿಯೋರಿಯಾದ ಪ್ರಯೋಗಾಲಯದಲ್ಲಿ ಪಿಷ್ಟದಿಂದ ರೂಪಿಸಿದ್ದರು. ಮಣ್ಣಿನಲ್ಲಿ ತೇವ ಉಳಿಸುವುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತೆಂಬುದು ನಿಜ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ಕೂಡ ಅದೇ ಉದ್ದೇಶದ್ದು. ಆದರೆ ಡೈಪರಿನದು ಸೋಡಿಯಂ ತುಂಬಿದ, ಸುಲಭವಾಗಿ ಕೊಳೆಯದ ಪಾಲಿಮರ್. ಜೊತೆಗೆ ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಹಾಳೆಗಳು, ರೋಗಾಣುಗಳು. ಅದು ತೋಟಕ್ಕೆ ಸಲ್ಲದು.

ಮಲವನ್ನು ಶೌಚಾಲಯಕ್ಕೆ ಸುರಿದು, ಡೈಪರನ್ನು ಒಳಮುಖವಾಗಿ ಸುರುಳಿ ಸುತ್ತಿ ಅಂಟಿಸಿ, ಹಳೆಯ ಪತ್ರಿಕೆಯಲ್ಲಿ ಕಟ್ಟಿ, ಕೆಂಪು ಗುರುತು ಹಾಕಿ, ಮುಚ್ಚಳವಿರುವ ಡಬ್ಬಿಯಲ್ಲಿ ಬೇರೆಯಾಗಿಯೇ ಇಡಬೇಕು. ಬೇರ್ಪಡಿಸಿ ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಸುತ್ತಲು ಬೇಕಾದ ಚೀಲವನ್ನು ತಯಾರಕರು ಒದಗಿಸಬೇಕೆಂದೂ ಹೇಳಿದ್ದವು. ಗ್ರಾಮ ಪಂಚಾಯತಿಗಳ ಸ್ವಚ್ಛ ಸಂಕೀರ್ಣಗಳಲ್ಲಿ ಒಣಕಸವನ್ನು ಕೈಯಿಂದ ಬೇರ್ಪಡಿಸುವವರು ಸ್ವಸಹಾಯ ಸಂಘಗಳ ಹೆಂಗಸರು. ಹಾಲಿನ ಕವರಿನ ನಡುವೆ ನಾವು ಬಚ್ಚಿಟ್ಟ ಡೈಪರನ್ನು ಬಿಚ್ಚುವ ಕೈ ಅವರದು.

ಆದ್ದರಿಂದ ನಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಎರಡು ಬೇಡಿಕೆಗಳನ್ನು ಸಂಕೋಚವಿಲ್ಲದೆ ಮಂಡಿಸೋಣ. ಕಸದ ವಾಹನದಲ್ಲಿ ಇಂಥ ಕಸಕ್ಕೆ ಪ್ರತ್ಯೇಕ ಡಬ್ಬಿಯಿರಲಿ, ಅದು ತಾಲ್ಲೂಕು ಮಟ್ಟದಲ್ಲಿ ಸುರಕ್ಷಿತವಾಗಿ ವಿಲೇವಾರಿಯಾಗಲಿ. ಕಮೋಡ್ ಕುರ್ಚಿ, ವಾಕರ್, ಮೂತ್ರದ ಬಾಟಲಿಗಳನ್ನು ಪಂಚಾಯತಿಯೋ ಸಹಕಾರ ಸಂಘವೋ ಕೊಂಡು, ಬೇಕಾದ ಮನೆಗೆ ಎರವಲು ಕೊಟ್ಟು, ತೊಳೆದು ಮತ್ತೊಂದು ಮನೆಗೆ ದಾಟಿಸಲಿ. ಮದುವೆಗೆ ದೊಡ್ಡ ಪಾತ್ರೆಗಳನ್ನು ಊರಿಗೆಲ್ಲ ಹಂಚಿ ಬಳಸಿದ ನಮಗೆ ಈ ವ್ಯವಸ್ಥೆ ಹೊಸದಲ್ಲ. ನಮ್ಮನ್ನು ಎತ್ತಿ ಆಡಿಸಿದವರು ಕೊನೆಗಾಲದಲ್ಲಿ ಒಣ ಹಾಸಿಗೆಯಲ್ಲಿ ಮಲಗಲಿ. ಅವರು ನೆಟ್ಟ ತೋಟದ ಕೆಳಗಿನ ಹಳ್ಳವೂ ತಿಳಿಯಾಗಿ ಹರಿಯಲಿ.