ಏರಿ ಇಳಿಯುವ ಸಂಖ್ಯೆ

ಸೇಡಂ ಸೀಮೆ ಎಂದರೆ ಸುಣ್ಣದ ಕಲ್ಲು, ಸಿಮೆಂಟ್, ತೊಗರಿ. ಕುರಕುಂಟಾದ ಹುಡುಗರಿಗೆ ಮಳಖೇಡ ತಮ್ಮದೇ ತಾಲ್ಲೂಕಿನ ಇನ್ನೊಂದು ಊರು, ಕಾಗಿಣಾ ದಂಡೆಯ ಹಳೆಯ ಕೋಟೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗ ‘ಕವಿರಾಜಮಾರ್ಗ’ದಿಂದಾಗಿ ಎಲ್ಲರಿಗೂ ಗೊತ್ತು. ಅವನ ಹೆಸರು ಗಣಿತದ ಗ್ರಂಥವೊಂದರ ಆರಂಭದಲ್ಲೂ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಆ ಗ್ರಂಥ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’. (ತೀರ್ಥಂಕರ ಮಹಾವೀರರು ಬೇರೆ, ಇವರು ಬೇರೆ.) ಕ್ರಿ.ಶ. 850ರ ಸುಮಾರಿನ ಈ ಸಂಸ್ಕೃತ ಕೃತಿ 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಅಚ್ಚಾಯಿತು. ಅದರ ಗುಣಾಕಾರದ ಲೆಕ್ಕಗಳಲ್ಲಿ ಒಂದು ಹೀಗಿದೆ: 27994681ನ್ನು 441ರಿಂದ ಗುಣಿಸಬೇಕು.

ಅಂಗಡಿಯ ಎಂಟಂಕಿಯ ಕ್ಯಾಲ್ಕುಲೇಟರಿಗೆ ಇದು ದಕ್ಕುವುದಿಲ್ಲ. ಕಾಗದ, ಪೆನ್ಸಿಲ್ ಹಿಡಿದರೆ ಬರುವ ಉತ್ತರ 12345654321. ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರರವರೆಗೆ ಏರಿ, ಬಂದ ದಾರಿಯಲ್ಲೇ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಉತ್ತರಗಳನ್ನು ಮಹಾವೀರಾಚಾರ್ಯರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಕಲಿಯುವವನಿಗೆ ಇದರಿಂದ ದೊಡ್ಡ ಅನುಕೂಲ: ಒಂದು ಅಂಕಿ ತಪ್ಪಿದರೂ ಹಾರ ಕಡಿಯುತ್ತದೆ, ಮೇಷ್ಟರು ನೋಡುವ ಮೊದಲೇ ತಪ್ಪು ಅವನಿಗೇ ಕಾಣುತ್ತದೆ.

ಇದು ಆಕಸ್ಮಿಕವೇ? ಅಲ್ಲ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಹಾಗಾಗಿ ಇಡೀ ಲೆಕ್ಕ ಆರು ಒಂದುಗಳ ವರ್ಗವೇ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತವೆ. ಬಲಗಡೆಯ ಕಂಬಸಾಲಿನಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಡುವೆ ಆರು, ಮತ್ತೆ ಇಳಿಮುಖ. ಎಲ್ಲಿಯೂ ಹತ್ತು ಮುಟ್ಟದ ಕಾರಣ ಮುಂದಿನ ಸ್ಥಾನಕ್ಕೆ ದಶಕ ಒಯ್ಯಬೇಕಾಗಿಲ್ಲ.

111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಮೊದಲೆರಡನ್ನು ಒಂದು ಕಡೆ, ಉಳಿದ ಮೂರನ್ನು ಇನ್ನೊಂದು ಕಡೆ ಇಟ್ಟು ವರ್ಗ ಮಾಡಿದರೆ ಆಚಾರ್ಯರ ಎರಡು ಸಂಖ್ಯೆಗಳೇ ಸಿಗುತ್ತವೆ. ಗುಟ್ಟನ್ನು ಜಾಣತನದಿಂದಲೇ ಮುಚ್ಚಿಟ್ಟಿದ್ದಾರೆ ಎನ್ನಬೇಕು.

ಇನ್ನೊಂದು ಸೊಗಸು: ಈ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 36, ಅಂದರೆ ಆರರ ವರ್ಗ. ಆ 36ರಿಂದ ಸಂಖ್ಯೆಯನ್ನೇ ಗುಣಿಸಿದರೆ 666666ರ ವರ್ಗ.

ಒಂದುಗಳನ್ನು ಹೆಚ್ಚಿಸುತ್ತ ಹೋದರೆ ಒಂಬತ್ತರವರೆಗೆ ಹಾರ ನಿಲ್ಲುತ್ತದೆ: 12345678987654321. ಹತ್ತು ಒಂದುಗಳಾದರೆ ನಡುವಿನ ಕಂಬಸಾಲು ಹತ್ತಾಗಿ ದಶಕ ಎಡಕ್ಕೆ ಹೊರಳುತ್ತದೆ. ಆಗ ಬರುವುದು 1234567900987654321. ಏರುವ ದಾರಿಯಲ್ಲಿ ಎಂಟೇ ಮಾಯ.

ಅದೇ ಗ್ರಂಥದ ಇನ್ನೊಂದು ಲೆಕ್ಕ ಮನೆಯಲ್ಲಿ ಮಾಡಿ ನೋಡುವಂಥದ್ದು: 152207ನ್ನು 73ರಿಂದ ಗುಣಿಸುವುದು. ಇದರ ಉತ್ತರ ಎಂಟಂಕಿಯ ಕ್ಯಾಲ್ಕುಲೇಟರಿನಲ್ಲೂ ಹಿಡಿಯುತ್ತದೆ.