ಪ್ರಗತಿ ಪತ್ರ ಓದುವ ಬಗೆ

ಗುಡಿಬಂಡೆ, ಮಡಕಶಿರಾ, ರಾಯದುರ್ಗದ ಕನ್ನಡ ಮಾಧ್ಯಮ ಶಾಲೆಗಳಿಂದ ಮಗುವಿನ ಪ್ರಗತಿ ಪತ್ರ ಮನೆಗೆ ಬಂದಾಗ ಪೋಷಕರು ಮೊದಲು ಕೇಳುವುದು ‘ಎಷ್ಟನೇ ರ‍್ಯಾಂಕು?’ ಎಂದು. ಆ ಪ್ರಶ್ನೆಯನ್ನು ಬಿಡುವ ಕಾಲ ಬಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿರಂತರ, ಸಮಗ್ರ ಮೌಲ್ಯಮಾಪನ ಬೇಕೆಂದಿತು. 2021ರ ನಿಪುಣ್ ಭಾರತ್ ಯೋಜನೆ ತರಗತಿವಾರು ಗುರಿಗಳನ್ನೇ ಬರೆದಿಟ್ಟಿತು: ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಸರಳ ಪದಗಳ ವಾಕ್ಯ ಓದಬೇಕು, 99ರವರೆಗೆ ಸಂಖ್ಯೆ ಓದಿ ಬರೆಯಬೇಕು, ಎರಡರಲ್ಲಿ 999, ಮೂರರಲ್ಲಿ 9999. ಪಕ್ಕದ ಮನೆಯ ಮಗುವನ್ನು ಮರೆತು, ನಮ್ಮ ಮಗು ಈ ಗುರಿಗೆ ಎಷ್ಟು ಹತ್ತಿರವಿದೆ ಎಂದು ನೋಡಬೇಕು. ನಮ್ಮ ಸೀಮೆಗೆ ಇದು ತೀರಾ ಹೊಸದೂ ಅಲ್ಲ. ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ‘ನಲಿ ಕಲಿ’ ಶುರುಮಾಡಿದರು. ಅಲ್ಲಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ, ಗೋಡೆಯ ಪ್ರಗತಿನೋಟದಲ್ಲಿ ತಾನೆಲ್ಲಿದ್ದೇನೆಂದು ತಾನೇ ಕಂಡುಕೊಳ್ಳುತ್ತದೆ. ನನ್ನ ತಕರಾರಿರುವುದು ಪತ್ರವನ್ನು ಬರೀ ಸಹಿಗಾಗಿ ಮನೆಗೆ ಕಳಿಸುವ ರೂಢಿಯ ಬಗ್ಗೆ. ಕಡಲೇಕಾಯಿ ಬಿಡಿಸುವ ಕೂಲಿಗೆ ಹೋಗುವ ತಾಯಿಗೆ ‘ಬಿ’ ಎಂಬ ಒಂದಕ್ಷರ ಏನು ಹೇಳೀತು? ಮೇಷ್ಟ್ರು ಅವಳೆದುರೇ ಮಗನಿಂದ ಎರಡು ಸಾಲು ಓದಿಸಲಿ, ಒಂದು ಕೂಡುವ ಲೆಕ್ಕ ಮಾಡಿಸಲಿ. ‘ಒತ್ತಕ್ಷರ ಬಂದರೆ ತಡವರಿಸುತ್ತಾನಮ್ಮ, ದಿನಾ ರಾತ್ರಿ ಒಂದು ಪುಟ ಜೋರಾಗಿ ಓದಿಸಿ’ ಎನ್ನಲಿ. ಅವಳೂ ಅಂಜದೆ ಕೇಳಲಿ: ‘ಮೇಷ್ಟ್ರೇ, ಮುಂದಿನ ಸಲ ನಾನು ಬರೋಷ್ಟರಲ್ಲಿ ಇವನಿಗೆ ಏನೇನು ಬರಬೇಕು?’